ಚಿಕ್ಕಮ್ಮನ ಅಂಚಿನ ದೀಪ

ಆ ಪುಟ್ಟ ನಾಟಕಮಂದಿರದಲ್ಲಿ ಬೆಳಕಿನ ಕೆಲಸ ನೋಡಿಕೊಳ್ಳುವ ಹೆಂಗಸಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಮುಚ್ಚಮ್ಮ. ತೆರೆದದ್ದೇನು ಕಂಡರೂ ಮುಚ್ಚುವ ತನಕ ಅವಳಿಗೆ ಸಮಾಧಾನವಿಲ್ಲ. ಅರ್ಧ ಕುಡಿದಿಟ್ಟ ಚಹಾದ ಮೇಲೆ ತಟ್ಟೆ ಬೀಳುತ್ತಿತ್ತು. ನಟರು ಹುಬ್ಬು ತೀಡಿಕೊಂಡು ಕನ್ನಡಿಯಿಂದ ಕಣ್ಣು ಕೀಳುವ ಮೊದಲೇ ಬಣ್ಣದ ಡಬ್ಬಿಗೆ ಮುಚ್ಚಳ ಬಂದಿರುತ್ತಿತ್ತು. "ಬಾಯಿ ಬಿಟ್ಕೊಂಡು ನಿದ್ದೆ ಮಾಡ್ಬೇಡ್ರಪ್ಪಾ, ಅದನ್ನೂ ಮುಚ್ಚಿಬಿಟ್ಟಾಳು" ಎಂದು ನಿರ್ದೇಶಕ ಛೇಡಿಸುತ್ತಿದ್ದ. ಛೇಡಿಸಲಿ ಬಿಡಿ. ಅವಳು ಬಂದ ಮೇಲೆ ಅಲ್ಲಿ ಒಂದು ತಂತಿ ಸುಟ್ಟಿದ್ದಿಲ್ಲ, ಸುಮ್ಮನೆ ಉರಿಯುತ್ತಿದ್ದ ದೀಪವೊಂದನ್ನು ಯಾರೂ ಕಂಡದ್ದಿಲ್ಲ.

ದೀಪಗಳನ್ನು ಅವಳು ಆಡಿಸುತ್ತಿದ್ದುದು ಲ್ಯಾಪ್‌ಟಾಪಿನಿಂದ. ಅದಕ್ಕೆಂದು ತಾನೇ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ, ಬರೆದುಕೊಂಡಿದ್ದಳು. ಅದರಲ್ಲಿ ಒಂದೊಂದು ಕೆಲಸದ ಆಜ್ಞೆಗಳ ಗಂಟಿಗೆ ಫಂಕ್ಷನ್ ಎಂದು ಹೆಸರು: ಬೆಳಗಾಗಿಸಲು ಒಂದು ಫಂಕ್ಷನ್, ಸಂಜೆಯಾಗಿಸಲು ಇನ್ನೊಂದು, ಒಬ್ಬರ ಮೇಲಷ್ಟೇ ಬೆಳಕು ನಿಲ್ಲಿಸಲು ಮತ್ತೊಂದು. ಪ್ರತಿಯೊಂದು ಫಂಕ್ಷನ್ನೂ ರಂಗದ ಹಿಂದಿದ್ದ, ದೀಪಗಳನ್ನು ಹೊತ್ತಿಸಿ ಆರಿಸುವ ಪೆಟ್ಟಿಗೆಗೆ ನೆಟ್‌ವರ್ಕಿನಲ್ಲಿ ಕನೆಕ್ಷನ್ ತೆರೆದು, ಹೇಳುವುದನ್ನು ಹೇಳಿ, ಮುಚ್ಚಿ ಹೊರಬರುತ್ತಿತ್ತು. ಮುಚ್ಚದೆ ಇದ್ದೀತೇ, ಬರೆದವಳು ಯಾರು! ಹಳೇ ಪೆಟ್ಟಿಗೆ ಕಮಕ್ ಕಿಮಕ್ ಅನ್ನದೆ ಹೇಳಿದ್ದನ್ನು ಕೇಳಿಕೊಂಡಿತ್ತು. ಅದು ಕೆಟ್ಟು ಹೊಸದು ಬಂತು. ಹೊಸದು ಮಹಾ ಪುಕ್ಕಲು. ಕನೆಕ್ಷನ್ ಮುಚ್ಚಿದ ಮೇಲೆ ತುಸು ಹೊತ್ತು ಕಾದು, ತನ್ನನ್ನು ನೋಡಿಕೊಳ್ಳುವವರು ಎದ್ದು ಹೋದರು ಎಂದುಕೊಂಡು, ಅಪಾಯವಾಗದಿರಲಿ ಅಂತ ಎಲ್ಲ ದೀಪ ಆರಿಸಿಬಿಡುತ್ತಿತ್ತು. ಇದು ಮುಚ್ಚಮ್ಮನಿಗೆ ಗೊತ್ತಾಗಲಿಲ್ಲ. ಪರೀಕ್ಷೆ ಮಾಡುವಾಗ ಅವಳು ಫಂಕ್ಷನ್‌ಗಳನ್ನು ಒಂದರ ಬೆನ್ನಿಗೆ ಒಂದು ಓಡಿಸಿದ್ದಳು. ಪೆಟ್ಟಿಗೆಗೆ ಹೆದರುವುದಕ್ಕೂ ಪುರುಸೊತ್ತು ಸಿಕ್ಕಿರಲಿಲ್ಲ.

ಗೊತ್ತಾದದ್ದು ಅಭ್ಯಾಸದ ದಿನ, ಚಿಕ್ಕಮ್ಮನ ದೀರ್ಘ ಮಾತಿನ ನಡುವೆ.

ಚಿಕ್ಕಮ್ಮ ಅಂದರೆ ಮುಚ್ಚಮ್ಮನ ತಾಯಿಯ ತಂಗಿ, ಅವಳನ್ನು ಸಾಕಿ ಬೆಳೆಸಿದವಳು, ಆ ತಂಡದ ಹಿರಿಯ ನಟಿ. ಕೆಲವು ಕಾಲದಿಂದ ಆಕೆಗೆ ಮುಖಗಳು ಕಾಣುತ್ತಿರಲಿಲ್ಲ. ಬೆಳಕೆಲ್ಲಿ, ಕತ್ತಲೆಲ್ಲಿ ಎಂಬುದಷ್ಟೇ ತಿಳಿಯುತ್ತಿತ್ತು. ಹಾಗಾಗಿ ಮುಚ್ಚಮ್ಮ ರಂಗದ ಮುಂಬದಿಯ ಅಂಚಿಗೆ ಒಂದು ಸಣ್ಣ ದೀಪ ಇಟ್ಟಿದ್ದಳು. ಆ ಬೆಳಕಿನ ಗೆರೆ ಕಂಡೊಡನೆ ಚಿಕ್ಕಮ್ಮ ನಿಲ್ಲುತ್ತಿದ್ದಳು. ನೋಡುವವರಿಗೆ ಆಕೆಯ ಕಣ್ಣಿನ ಕಥೆ ಎಳ್ಳಷ್ಟೂ ತಿಳಿಯುತ್ತಿರಲಿಲ್ಲ. ಅವತ್ತು ದೀಪವೆಲ್ಲ ಒಮ್ಮೆಗೇ ಆರಿತು. ಚಿಕ್ಕಮ್ಮ ಮಾತು ನಿಲ್ಲಿಸಲಿಲ್ಲ, ನಡೆಯುವುದನ್ನೂ ನಿಲ್ಲಿಸಲಿಲ್ಲ. ಗೆರೆ ಕಾಣದೆ ಅಂಚು ದಾಟಿ ಕೆಳಗೆ ಬಿದ್ದಳು.

ಮೊಣಕಾಲು ತರಚಿತ್ತು, ಮೂಳೆ ಉಳಿದಿತ್ತು. ನಿರ್ದೇಶಕ ಕೆಟ್ಟವನಲ್ಲ, ಆದರೆ ಅವನ ಮುಖ ಬಿಳಿಚಿಕೊಂಡಿತ್ತು. "ಸಾಕು. ಈ ಪಾತ್ರ ಬೇರೆಯವರು ಮಾಡ್ಲಿ. ನಾಳೆ ಇನ್ನೇನಾದ್ರೂ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

"ಬೀಳಿಸಿದ್ದು ನಾನು" ಎಂದಳು ಮುಚ್ಚಮ್ಮ, ಎಲ್ಲರ ಎದುರಿಗೇ. "ಪೆಟ್ಟಿಗೆ ಮೇಲೆ ಹಾಕಿ ಕೈ ತೊಳ್ಕೊಳಲ್ಲ. ನಾಳೆ ಮಧ್ಯಾಹ್ನದ ತನಕ ಟೈಮ್ ಕೊಡಿ. ಆಮೇಲೂ ದೀಪ ಆರಿದ್ರೆ ಚಿಕ್ಕಮ್ಮನ ಜೊತೆ ನನ್ನನ್ನೂ ಕಳಿಸಿ."

ಹಾಗೆ ಹೇಳಲು ಎದೆ ಬೇಕು.

ಮರುದಿನ ಬೆಳಗ್ಗೆ ಖಾಲಿ ಕುರ್ಚಿಗಳ ನಡುವೆ ಕೂತು ಮೊದಲು ಮಾಡಿದ ಉಪಾಯ ಕೈಕೊಟ್ಟಿತು. ಮೊದಲ ಫಂಕ್ಷನ್ನಿನೊಳಗೆ ಕನೆಕ್ಷನ್ ತೆರೆದು, ಮುಚ್ಚುವ ಸಾಲನ್ನು ಅಳಿಸಿದಳು. ಪ್ರಯೋಜನವಾಗಲಿಲ್ಲ. ಫಂಕ್ಷನ್ ಮುಗಿದೊಡನೆ ಅದರೊಳಗೆ ಹುಟ್ಟಿದ ಕನೆಕ್ಷನ್ನೂ ಅದರ ಜೊತೆಗೇ ಸತ್ತಿತು. ಎರಡನೆಯ ಫಂಕ್ಷನ್ ಅದನ್ನು ಹುಡುಕಿ ಹುಡುಕಿ ಬೈದುಕೊಂಡು ನಿಂತಿತು. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ ಚಿಕ್ಕಮ್ಮ, "ಏನೇ ಅದು, ಅಷ್ಟೊಂದು ನಿಟ್ಟುಸಿರು?" ಎಂದಳು.

"ಒಬ್ಬರ ಕೈಲಿದ್ದದ್ದು ಇನ್ನೊಬ್ಬರಿಗೆ ಸಿಕ್ತಿಲ್ಲ ಚಿಕ್ಕಮ್ಮಾ."

"ಒಬ್ಬರ ಕೈಗೆ ಯಾಕೆ ಕೊಟ್ಟೆ? ನೀನೇ ಇಟ್ಕೊಂಡು ಬೇಕಾದೋರಿಗೆ ಕೊಡು."

ಚಿಕ್ಕಮ್ಮನಿಗೆ ಸ್ಕ್ರಿಪ್ಟು ಗಿಸ್ಕ್ರಿಪ್ಟು ಏನೂ ತಿಳಿಯದು, ಸಾಮಾನು ಹಂಚಿಕೊಳ್ಳುವ ಮಾತೆಂದುಕೊಂಡೇ ಆಡಿದ್ದು. ಮುಚ್ಚಮ್ಮ ಅದನ್ನೇ ಮಾಡಿದಳು. ಎಲ್ಲ ಫಂಕ್ಷನ್‌ಗಳ ಹೊರಗೆ, ಸ್ಕ್ರಿಪ್ಟಿನ ತಲೆಯಲ್ಲೇ ಒಂದೇ ಒಂದು ಸಲ ಕನೆಕ್ಷನ್ ತೆರೆದಳು. ಆಮೇಲೆ ಕರೆದ ಪ್ರತಿ ಫಂಕ್ಷನ್ನಿನ ಕೈಗೂ ಅದನ್ನೇ ಕೊಟ್ಟಳು. ಕೆಲಸ ಮಾಡು, ಮುಚ್ಚುವ ಉಸಾಬರಿ ನಿನಗೆ ಬೇಡ, ಎಂದು ಅದಕ್ಕೆ ಹೇಳಿದಂತೆ. ಜೀವಮಾನವೆಲ್ಲ ಮುಚ್ಚಿಕೊಂಡು ಬಂದವಳು ಒಂದೊಂದೇ ಫಂಕ್ಷನ್ನಿನಿಂದ ಮುಚ್ಚುವ ಸಾಲನ್ನು ಕಿತ್ತುಹಾಕುವಾಗ ಹಲ್ಲು ಕಿತ್ತಷ್ಟು ಕಷ್ಟಪಟ್ಟಳು. ಕಿತ್ತಳು ಮಾತ್ರ. ಆಮೇಲೆ ಬೆಳಗಿನ ದೃಶ್ಯದ ಬೆಳಕು ಹಾಕಿ, ಏನೂ ಒತ್ತದೆ, ಕೈಕಟ್ಟಿ ಕೂತಳು. ದೀಪ ಆರಲಿಲ್ಲ. ಚಿಕ್ಕಮ್ಮ ಕೂತಲ್ಲೇ ಒಂದು ಗೊರಕೆ ಮುಗಿಸಿ ಎದ್ದಳು, ಆಗಲೂ ಆರಿರಲಿಲ್ಲ.

ಮಧ್ಯಾಹ್ನ ನಿರ್ದೇಶಕ ಅಂಚಿನ ಕೆಳಗೆ ತಾನೇ ಕೈಚಾಚಿ ನಿಂತು ಅಭ್ಯಾಸ ನೋಡಿದ. ಕೊನೆಗೆ ಕೈ ಇಳಿಸಿ, "ಸಂಜೆಗೆ ರೆಡಿಯಾಗಿ" ಎಂದಷ್ಟೇ ಹೇಳಿ ಹೋದ.

ಸಂಜೆ ಮಂದಿರ ತುಂಬಿತ್ತು. ದೀರ್ಘ ಮಾತಿನ ನಡುವೆ ಚಿಕ್ಕಮ್ಮ, ಅಭ್ಯಾಸದಲ್ಲಿ ಎಂದೂ ಮಾಡದಂತೆ, ಸುಮ್ಮನಾದಳು. ಮರೆತದ್ದಲ್ಲ, ಬೇಕೆಂದೇ. ಜನ ಉಸಿರು ಬಿಗಿಹಿಡಿದರು. ಹಿಂದೆ ಲ್ಯಾಪ್‌ಟಾಪಿನ ಮುಂದೆ ಮುಚ್ಚಮ್ಮನ ಜೀವ ಬಾಯಿಗೆ ಬಂದಿತ್ತು. ಬೆಳಕು ಅಲುಗಲಿಲ್ಲ. ಚಿಕ್ಕಮ್ಮ ನಿಧಾನ ನಡೆದು ಬಂದು ಗೆರೆಯ ಮುಂದೆ ನಿಂತು, ಉಳಿದ ಮಾತು ಮುಗಿಸಿದಳು. ಚಪ್ಪಾಳೆ ಜೋರಾಗಿತ್ತು.

ಆಮೇಲೆ ಬಣ್ಣ ಒರೆಸಿಕೊಡುತ್ತ ಮುಚ್ಚಮ್ಮ ಕೇಳಿದಳು, "ಅಂಚಿನ ದೀಪ ಸರಿಯಾಗಿತ್ತಾ?"

"ಜಾಸ್ತಿ ಆಯ್ತು."

"ಜಾಸ್ತಿನಾ?"

"ನಾಳೆ ಒಂಚೂರು ಕಮ್ಮಿ ಮಾಡು. ನಾಡಿದ್ದು ಇನ್ನೊಂಚೂರು" ಎಂದಳು ಚಿಕ್ಕಮ್ಮ. "ಅದೂ ಕಾಣದ ದಿನ ಬರುತ್ತಲ್ಲ, ಡಾಕ್ಟರ್ ಹೇಳಿಯಾಯ್ತು. ಅಷ್ಟರೊಳಗೆ ಕಾಲಿಗೆ ರೂಢಿಯಾಗ್ಬೇಕು. ನಾನೇನು ಮನೇಲಿ ಕೂರೋಳಾ?"

ಮರುದಿನ ಮುಚ್ಚಮ್ಮ ಸ್ಕ್ರಿಪ್ಟಿಗೆ ಇನ್ನೊಂದು ಫಂಕ್ಷನ್ ಸೇರಿಸಿದಳು, ಅಂಚಿನ ದೀಪವನ್ನು ಒಂದು ಕೂದಲೆಳೆಯಷ್ಟು ಇಳಿಸುವುದು. ಸಂಜೆ ಚಿಕ್ಕಮ್ಮ ಅಂಚಿನ ಕಡೆ ನಡೆದು ಬರುತ್ತಿದ್ದಾಗ, ಅಳುತ್ತಲೇ ಅದನ್ನು ಒತ್ತಿದಳು.