ತಡೀತೈತೆ ಬಿಡ್ರಿ

ಹೊಸದುರ್ಗದ ಟೆಂಟ್ ಸಿನಿಮಾದ ಆಪರೇಟರ್ ಆಟ ಶುರುವಾಗುವ ಮುಂಚೆ ತನ್ನ ಹಳೆಯ ಪ್ರೊಜೆಕ್ಟರಿಗೆ ಊದಿನಕಡ್ಡಿ ಬೆಳಗಿ, ಎಮ್ಮೆಯ ಬೆನ್ನು ತಟ್ಟುವಂತೆ ಅದನ್ನು ತಟ್ಟುತ್ತಿದ್ದರು. ಯಾರು ಏನು ಕೇಳಿದರೂ ಒಂದೇ ಉತ್ತರ: "ತಡೀತೈತೆ ಬಿಡ್ರಿ."

ಎಪ್ಪತ್ತರ ದಶಕದಲ್ಲಿ ನಮ್ಮೂರಿಗೆ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರ ಬಂತು. "ಅದನ್ನ ಅಗಲಕ್ಕೆ ಹಿಗ್ಗಿಸೋಕೆ ಬೇರೆ ಲೆನ್ಸೇ ಬೇಕಂತಲ್ಲಪ್ಪ?" ಎಂದರು ಟೆಂಟಿನ ಮಾಲೀಕರು.

ಆಪರೇಟರ್ ಪ್ರೊಜೆಕ್ಟರನ್ನು ತಟ್ಟಿದರು. "ತಡೀತೈತೆ ಬಿಡ್ರಿ."

ದೀಪ ಆರಿತು. ನಾವೆಲ್ಲ ಪರದೆಯತ್ತ ಕತ್ತು ಚಾಚಿದೆವು. ನಾಯಕಿ, ದಪ್ಪ ಖಳನಾಯಕ, ಅವನ ಕುದುರೆ, ಎಲ್ಲರೂ ನುಗ್ಗೆಕಾಯಿಯಂತೆ ಉದ್ದಕ್ಕೆ ಸೊರಗಿ ನಿಂತಿದ್ದರು. "ಅಯ್ಯೋ ಶಿವನೇ, ಇವ್ರಿಗೇನ್ ರೋಗ ಬಂತ್ರೀ!" ಎಂದು ಹೆಂಗಸರ ಕಡೆಯಿಂದ ಒಬ್ಬ ಅಜ್ಜಿ ಚೀರಿದಳು.

ಆಪರೇಟರ್ ಹೊರಗೋಡಿ ಬಂದು, ಪರದೆ ನೋಡಿ, ಅದರ ಮೇಲಿನವರತ್ತ ಕೈ ತೋರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಮಿಷನ್ ತಡೀತು ಕಣ್ರಿ. ಅವ್ರೇ ತಡೀಲಿಲ್ಲ."