ನಡುಗಡ್ಡೆಯ ತೆಂಗಿನ ಮರ

"ಆಗೂದಲ್ಲ ಹೋಗೂದಲ್ಲ, ಸುಮ್ನ ಕುಂದ್ರಲೇ" ಅಂದವನು ನಮ್ಮ ಕಾಕಾ. ದೇವಿಕೊಪ್ಪದ ಕೆರೆಯಲ್ಲಿ ಈಜು ಕಲಿತ ನಾನು ಕಾರವಾರದ ಸಮುದ್ರ ದಾಟುತ್ತೇನೆ ಅಂದದ್ದಕ್ಕೆ ಆ ಮಾತು. ನಮ್ಮ ಮನೆತನದಲ್ಲಿ ಡಿಗ್ರಿಗೆ ಹೋದವನು ನಾನೇ ಮೊದಲು. ಅದಕ್ಕೂ ಅವನು ಹಾಗೇ ಅಂದಿದ್ದ. ಎಂಬತ್ತರ ದಶಕದಲ್ಲಿ ಕಾಲೇಜಿನವರು ಕಾರವಾರದಲ್ಲಿ ನಡೆಸಿದ ಶಿಬಿರದಲ್ಲಿ, ಒಬ್ಬರೇ ಕೂರುವ ಕಯಾಕ್ ಎಂಬ ಕಿರಿದೋಣಿಯಲ್ಲಿ ಎದುರಿನ ನಡುಗಡ್ಡೆ ಮುಟ್ಟಿ ಅವನ ಬಾಯಿ ಮುಚ್ಚಿಸಬೇಕಿತ್ತು.

ಸೆಳವು ಬಲಕ್ಕಿದೆ, ನಡುಗಡ್ಡೆಯ ಎಡಕ್ಕೆ ಗುರಿಯಿಡು ಎಂದು ಕಲಿಸುವವರು ಹೇಳಿದ್ದರು. ನನಗೆ ನಂಬಿಕೆ ಬರಲಿಲ್ಲ. ನಮ್ಮಲ್ಲಿ ನೇಗಿಲು ಹೊಡೆಯುವವನು ಆಚೆ ಬದುವಿನ ಗಿಡದ ಮೇಲಿಂದ ಕಣ್ಣು ತೆಗೆಯುವುದಿಲ್ಲ. ತೆಗೆದರೆ ಸಾಲು ಸೊಟ್ಟ. ನಾನು ನಡುಗಡ್ಡೆಯ ಎತ್ತರದ ತೆಂಗಿನ ಮರವನ್ನೇ ನೋಡುತ್ತ ಹುಟ್ಟು ಹಾಕಿದೆ. ಹೊಲ ನಿಂತಲ್ಲೇ ನಿಂತಿರುತ್ತದೆ, ನೀರು ನಿಲ್ಲುವುದಿಲ್ಲ. ಮರ ಎಡಕ್ಕೆ ಸರಿಯುತ್ತ ಹೋಯಿತು. ತೋಳು ಸೋತವು. ಉಳಿದವರೆಲ್ಲ ಆಚೆ ದಡ ಹತ್ತಿ ಕೈ ಬೀಸುತ್ತಿದ್ದಾಗ ನನ್ನ ಕಯಾಕನ್ನು ಮೋಟಾರು ದೋಣಿಗೆ ಹಗ್ಗದಿಂದ ಕಟ್ಟಿ ಹಿಂದಕ್ಕೆ ಎಳೆದು ತಂದರು.

ಸರ್ಟಿಫಿಕೇಟು ಮಾತ್ರ ಎಲ್ಲರಿಗೂ ಕೊಟ್ಟರು. ನನ್ನದರಲ್ಲಿ 'ಭಾಗವಹಿಸಿದ್ದಾರೆ' ಎಂದಷ್ಟೇ ಇತ್ತು. ಊರಿಗೆ ಬಂದು ಅದನ್ನು ಕಾಕಾನ ಕೈಗಿಟ್ಟೆ. ಓದಲು ಬಾರದ ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಮುಟ್ಟಿದ್ಯೋ ಇಲ್ಲೋ?"

"ಇಲ್ಲ ಕಾಕಾ."

"ಹಂಗಾರ ಗ್ವಾಡಿಗೆ ಹಚ್ಚಬ್ಯಾಡಪಾ. ಬಂದವ್ರೆಲ್ಲಾ ಕೇಳ್ತಾರ, ಸಲಾ ಸಲಾ ನೀನ ಹೇಳಬೇಕಾಕ್ಕೈತಿ."