ಊರಿಗೊಂದು ಜಗಳ

ಮುನಿರಾಜಣ್ಣನಿಗೆ ಊರು ಕಟ್ಟೋದಕ್ಕೆ ಮೊದಲು ಒಂದು ಜಗಳ ಬೇಕಿತ್ತು. ಬಾವಿ, ಗುಡಿ, ಮನೆ ಎಲ್ಲ ಆಮೇಲೆ.

ನಮ್ಮದು ನಾಗರಬಾವಿ ಕಡೆ, ಬೇಕರಿಯೊಂದರ ಮೇಲಿದ್ದ ಪುಟ್ಟ ಗೇಮ್ ಕಂಪನಿ. ಹಳೇ ಕಾಲದ ರಾಜ್ಯ ಕಟ್ಟಿ, ದಂಡು ಬೆಳೆಸಿ, ಕೋಟೆ ಹಿಡಿಯುವ ಆಟ ಮಾಡುತ್ತಿದ್ದೆವು. ಕೋಟೆ, ಪಟ್ಟಣಗಳೆಲ್ಲ ಬೇರೆಯವರ ಪಾಲು. ಅವುಗಳ ನಡುವೆ ಬರುವ ಚಿಲ್ಲರೆ ಊರುಗಳು ಮುನಿರಾಜಣ್ಣನ ಪಾಲು: ದನ ಕೂಡುವ ದೊಡ್ಡಿ, ದಂಡು ಇಳಿಯುವ ಪಾಳ್ಯ, ಗಾಡಿ ತಡೆಯುವ ಸುಂಕದ ಕಟ್ಟೆ. ಇದಕ್ಕೆಲ್ಲ ಅವರು ಪುಸ್ತಕ ತೆಗೆದವರಲ್ಲ, ಬಸ್ಸಿನ ಬೋರ್ಡು ಓದುತ್ತಿದ್ದರು. "ದಿನಾ ಸುಂಕದಕಟ್ಟೆಗೆ ಟಿಕೆಟ್ ತಗೋತೀಯಲ್ಲೋ, ಅಲ್ಲಿ ಸುಂಕ ಯಾರು ಕೇಳ್ತಿದ್ರು ಅಂತ ಒಂದಿನಾನಾದ್ರೂ ಯೋಚನೆ ಮಾಡಿದೀಯಾ?"

ನಾನು ಆಟ ಆಡಿ ತಪ್ಪು ಹುಡುಕುವವನು. ಕಲಾವಿದರನ್ನು ಕರೆಸುವ ಯೋಗ್ಯತೆ ಕಂಪನಿಗೆ ಇರಲಿಲ್ಲವಾದ್ದರಿಂದ ಕುದುರೆ, ಕೋಳಿ, ಮಂತ್ರಿ, ಎಲ್ಲರ ದನಿಯೂ ನಾನೇ. ಸಿಕ್ಕಸಿಕ್ಕವರನ್ನು ಅಣಕಿಸಿ ಅಣಕಿಸಿ, ನನ್ನ ಸ್ವಂತ ದನಿ ಯಾವುದು ಅಂತ ನಮ್ಮಮ್ಮನಿಗೇ ಅನುಮಾನ. ಫೋನ್ ಮಾಡಿದರೆ ಮೊದಲು "ಯಾರು ಮಾತಾಡ್ತಿರೋದು?" ಅಂತಾರೆ.

ಮುನಿರಾಜಣ್ಣನ ದನಿಯಂತೂ ನನ್ನಂಥವನಿಗೆ ಹಬ್ಬದೂಟ. ಚಳಿಗೆ ಸ್ಟಾರ್ಟ್ ಆಗದ ಆಟೋ ಥರ ಎರಡು ಕೆಮ್ಮು, ಆಮೇಲೆ "ಏಏನ್ ಗುರು", ಆಮೇಲೆ ವಿಷಯ.

ಒಂದ್ಸಲ ನಾನೂ ಒಂದು ಊರು ಬರೆದೆ. ಕೆರೆ ದಂಡೆ, ಐದಾರು ಮನೆ, ಒಂದು ಅರಳಿಮರ. ಅವರು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಕೆರೆಯ ಮೇಲೆ ಊರಿದರು.

"ಏಏನ್ ಗುರು, ಇಲ್ಲಿ ಜಗಳ ಯಾತಕ್ಕೆ?"

"ಜಗಳ ಇಲ್ಲ ಅಣ್ಣ. ಎಲ್ಲಾ ಚೆನ್ನಾಗಿದಾರೆ."

"ಕೆರೆ ನೀರಿಗೂ ಇಲ್ವಾ?"

"ಇಲ್ಲ."

"ಹಂಗಾದ್ರೆ ಇದು ಊರಲ್ಲ ಮಗಾ, ಲೇಔಟು. ಅಳಿಸು."

ಲೇಔಟಿನ ಬಗ್ಗೆ ಮಾತಾಡುವ ಹಕ್ಕು ಅವರಿಗಿತ್ತು. ಮಲ್ಲತ್ತಹಳ್ಳಿಯಲ್ಲಿ ಅವರ ಮನೆಯ ರಾಗಿ ಹೊಲ ಸೈಟಾದಾಗ ನಕ್ಷೆ ಬರೆದವರು ಅವರೇ. "ಆ ಬದುವಿಗೋಸ್ಕರ ನಮ್ಮ ತಾತನೂ ಪಕ್ಕದ ಹೊಲದವರೂ ಸಾಯೋವರ್ಗೂ ಬೈದಾಡಿದ್ರು ಕಣೋ. ನಾನು ಸ್ಕೇಲ್ ಇಟ್ಟು ಒಂದು ಗೆರೆ ಎಳೆದೆ. ಜಗಳ ಮುಗೀತು. ಆಮೇಲೆ ಮಾತೂ ಮುಗೀತು." ನಗುತ್ತಲೇ ಹೇಳಿದರು. ಪೆನ್ಸಿಲ್ ಮಾತ್ರ ಅವತ್ತು ಕಿವಿ ತಪ್ಪಿ ಕೆಳಗೆ ಬಿತ್ತು.

ಆಟ ತಯಾರಾಗಿ ಮುಗಿಯುವ ಹೊತ್ತಿಗೆ ನಮ್ಮ ಯಜಮಾನ ಸಂದೀಪ ರಾಗ ಬದಲಿಸಿದ. "ಮುನಿರಾಜಣ್ಣ, ಕೋಟೆ, ಪಟ್ಟಣ, ಹಳ್ಳಿ, ಇಷ್ಟು ಸಾಕು. ಜನ ಬರೋದು ಯುದ್ಧಕ್ಕೆ, ನಿಮ್ಮ ದನದ ದೊಡ್ಡಿ ನೋಡೋಕಲ್ಲ. ತೆಗೆದುಬಿಡೋಣ."

ವರ್ಷಗಟ್ಟಲೆ ಕೂತು ಕಟ್ಟಿದ ಊರುಗಳು. ಮುನಿರಾಜಣ್ಣ ಕೆಮ್ಮಲೂ ಇಲ್ಲ. "ತೆಗೀರಿ. ಒಂದ್ಸಲ ಆಡಿ ನೋಡಿ, ಆಮೇಲೆ ತೆಗೀರಿ."

ಸಂದೀಪ ಕೂತ. ಮುತ್ತಿಗೆ ಬಿದ್ದ ತನ್ನ ಕೋಟೆಗೆ ಅಕ್ಕಿ ಗಾಡಿ ಕಳಿಸಿದ. ದಾರಿಯಲ್ಲಿ ಸುಂಕದವನು ಅಡ್ಡ ನಿಂತ. ಎರಡು ಕೆಮ್ಮು. "ಏಏನ್ ಗುರು, ಮೂಟೇಲಿ ಏನಿದೆ? ಅಕ್ಕೀನಾ? ಅಕ್ಕಿ ಮೂಟೆ ಹಿಂಗೆ ಕೂರುತ್ತಾ? ಬಿಚ್ಚು, ಬಿಚ್ಚು."

ಸುಂಕ ಕಟ್ಟಿದರೆ ಅವನು ಬಾಯಿ ಮುಚ್ಚುತ್ತಾನೆ. ಸಂದೀಪ ಕಟ್ಟಲಿಲ್ಲ. "ನನ್ನ ರಾಜ್ಯದಲ್ಲಿ ನನಗೇ ಸುಂಕಾನಾ? ಯಾವನಲೇ ನೀನು?" ಅಂತ ಕಂಪ್ಯೂಟರಿಗೇ ಬೈಯುತ್ತಾ ಕೂತ. ಅತ್ತ ಕೋಟೆ ಬಿದ್ದೇ ಹೋಯಿತು. ಇಡೀ ಆಫೀಸು ನಕ್ಕಿತು, ಕೊನೆಗೆ ಅವನೂ. "ಆಯ್ತು, ಈ ಕಟ್ಟೆ ಒಂದು ಇರಲಿ" ಅಂದ. ದೊಡ್ಡಿ, ಪಾಳ್ಯ ಎಲ್ಲ ಹೋದವು.

ಮುನಿರಾಜಣ್ಣ ನನ್ನ ಕುರ್ಚಿ ಹತ್ತಿರ ಬಂದರು. "ಯಾವನೋ ಆ ಸುಂಕದವನು? ಸರಿಯಾದ ತರಲೆ ನನ್ಮಗ!"

ಅದು ಅವರದೇ ದನಿ ಅಂತ ನಾನು ಹೇಳಲಿಲ್ಲ. ಆಟ ಹೊರಗೆ ಬರಲಿ, ಎಲ್ಲರ ಮುಂದೆ ಹೇಳಿ ರೇಗಿಸೋಣ ಅಂತ ಕಾದಿರಿಸಿಕೊಂಡೆ. ಆಟ ಬರುವ ಮುಂಚೆಯೇ ಅವರ ಹೃದಯ ಕೈಕೊಟ್ಟಿತು.

ಅವರ ದನಿ ರೆಕಾರ್ಡಾಗಿ ನನ್ನ ಹತ್ತಿರ ಎಲ್ಲೂ ಇಲ್ಲ. ವಾಟ್ಸಾಪಿನಲ್ಲೂ ಮಹಾನುಭಾವರು ಬರೀ ಹೆಬ್ಬೆಟ್ಟು ಒತ್ತುತ್ತಿದ್ದರು. ಹಾಗಾಗಿ ನೆನಪಾದಾಗ ಆಟ ತೆರೆದು ಒಂದು ಗಾಡಿ ಕಳಿಸುತ್ತೇನೆ. ಎರಡು ಕೆಮ್ಮು. "ಏಏನ್ ಗುರು, ಮೂಟೇಲಿ ಏನಿದೆ?" ಗಂಟಲು ನನ್ನದೇ ಅಂತ ಗೊತ್ತು. ಆದರೂ ಸುಂಕ ಕಟ್ಟುವ ಬಟನ್ ಒತ್ತುವುದಿಲ್ಲ. ಅತ್ತ ಕೋಟೆ ಬೀಳುತ್ತದೆ. ಬೀಳಲಿ ಬಿಡಿ, ಇಲ್ಲಿ ನಮ್ಮ ಜಗಳ ಇನ್ನೂ ನಡೀತಾ ಇದೆ.